ಜೋಳಿಗೆಯೂ ಕಾಯದೆಯೂ

(ಮಹೋತ್ಸವದ ಸಭೆಯಲ್ಲಿ ಜರುಗಿದ ಉಪನ್ಯಾಸ)



ಇಳಕಲ್ಲದ ಬಸ್ ನಿಲ್ದಾಣದ ಚಹದಂಗಡಿಯಲ್ಲಾಗಲಿ, ಬಾಗಲಕೋಟೆಯ ಕೋರ್ಟಿನ ಅಂಗಳದಲ್ಲಾಗಲಿ, ಬದಾಮಿಯ ಬನಶಂಕರಿ ಜಾತ್ರೆಗೆ ಹೊರಟ ಮೋಟಾರುಗಳಲ್ಲಾಗಲಿ ಒಂದು ವಾದವು ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ. ತರುಣನೊಬ್ಬನು ತಂಬಾಕಿನ ಚೀಟನ್ನು ಹರಿದು ಬಾಯಿಗೆ ಸುರುವಿಕೊಳ್ಳುತ್ತಾನೆ. ಬದಿಯಲ್ಲಿ ಕುಳಿತ ಹಿರಿಯನು ಬೇಡವೆಂದರೆ, "ರೊಕ್ಕ ನಂದು, ಬಾಯಿ ನಂದು, ನಿಮಗೇನ್ ತ್ರಾಸರೀ ಕಾಕಾ?" ಎಂದು ಕೇಳುತ್ತಾನೆ. ಹಿರಿಯನು ಅವನಿಗೆ ಉತ್ತರ ಕೊಡಲಾರದೆ, "ಸರಕಾರದವರು ಇವನ್ನೆಲ್ಲಾ ಒಂದ ದಿನದಾಗ ಬಂದ್ ಮಾಡಬೇಕು ನೋಡಪಾ" ಎಂದು ಮಗ್ಗುಲಿನವರತ್ತ ತಿರುಗುತ್ತಾನೆ. ಒಬ್ಬನು ಹಕ್ಕನ್ನು ಹಿಡಿದು ನಿಲ್ಲುತ್ತಾನೆ, ಇನ್ನೊಬ್ಬನು ಕಾಯದೆಯನ್ನು ಕರೆಯುತ್ತಾನೆ. ಈ ಇಬ್ಬರ ನಡುವೆ ಅರ್ಧ ಶತಮಾನದ ಹಿಂದೆ ಇಳಕಲ್ಲದಲ್ಲಿ ಮೂರನೆಯದೊಂದು ಬಂದು ನಿಂತಿತು. ಅದೊಂದು ಅರಿವೆಯ ಜೋಳಿಗೆ. ಹಕ್ಕಿಗೂ ಕಾಯದೆಗೂ ನಿಲುಕದ ಯಾವ ಕೆಲಸವನ್ನು ಅದು ಮಾಡಿತು, ಯಾವ ಕೆಲಸವು ಅದಕ್ಕೂ ನಿಲುಕಲಿಲ್ಲ ಎಂಬದೇ ಈ ಉಪನ್ಯಾಸದ ವಿಷಯವು.

ಜೋಳಿಗೆಯು ಮಠದ ಭಕ್ತರಿಗೆ ಹೊಸದಲ್ಲ. ಜೋಳದ ನಾಡಿನಲ್ಲಿ ಜಂಗಮನು ಬಾಗಿಲಿಗೆ ಬಂದರೆ ಮನೆಯವಳು ಮೊರದ ಕಾಳನ್ನು ತಂದು ಸುರಿಯುವದು, ಆ ಕಾಳಿನಿಂದ ಮಠದ ಒಲೆ ಉರಿಯುವದು, ಆ ಒಲೆಯ ಸುತ್ತ ಊರ ಬಡಮಕ್ಕಳು ಉಂಡು ಓದುವದು, ಇದು ತಲೆತಲಾಂತರದ ರೂಢಿ. ಬದಾಮಿಯ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರವು ನಿಂತದ್ದೂ ಭಕ್ತರ ನೀಡುವ ಕೈಯಿಂದಲೇ. ಆದರೆ ೧೯೭೫ರಲ್ಲಿ ಚಿತ್ತರಗಿ ಇಳಕಲ್ಲ ಶ್ರೀ ವಿಜಯ ಮಹಾಂತೇಶ್ವರ ಸಂಸ್ಥಾನಮಠದ ಮಹಾಂತ ಅಪ್ಪಗಳು ಹಿಡಿದು ಹೊರಟ ಜೋಳಿಗೆಯು ಕಾಳನ್ನು ಬೇಡಲಿಲ್ಲ, ಕಾಸನ್ನು ಬೇಡಲಿಲ್ಲ. "ನಿಮ್ಮಲ್ಲಿರುವ ದುಶ್ಚಟವನ್ನು ಇದರಲ್ಲಿ ಹಾಕಿರಿ" ಎಂಬದೇ ಅದರ ಬೇಡಿಕೆಯಾಗಿತ್ತು. ಬೀಡಿಯ ಕಟ್ಟು, ತಂಬಾಕಿನ ಚೀಲ, ಇಸ್ಪೇಟಿನ ಎಲೆ, ಕುಡಿತದ ಆಣೆ ಇವೇ ಅದರ ಕಾಣಿಕೆಗಳು. ಅದಕ್ಕೆ ಮಹಾಂತ ಜೋಳಿಗೆಯೆಂದು ಹೆಸರಾಯಿತು. ೨೦೧೮ರ ಮೇ ತಿಂಗಳಲ್ಲಿ ಲಿಂಗೈಕ್ಯರಾಗುವ ವರೆಗೂ ಅವರು ಅದನ್ನು ಕೈಬಿಡಲಿಲ್ಲ. ಅವರ ಜನ್ಮದಿನವಾದ ಅಗಸ್ಟ್ ೧ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ.

ಈ ಬೇಡಿಕೆಯ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಕಾಯದೆಯು ಕಸಿದುಕೊಳ್ಳುತ್ತದೆ, ಜೋಳಿಗೆಯು ಕೇಳುತ್ತದೆ. ಕಸಿದುಕೊಂಡದ್ದು ಕಳೆದುಕೊಂಡವನ ಮನಸ್ಸಿನಲ್ಲಿ ಇನ್ನೂ ತನ್ನದಾಗಿಯೇ ಉಳಿದಿರುತ್ತದೆ, ಹೊಂಚಿ ಮರಳಿ ಪಡೆಯಬೇಕೆನ್ನಿಸುತ್ತದೆ. ತಾನಾಗಿ ಕಿಸೆಯಿಂದ ತೆಗೆದು ಕೊಟ್ಟದ್ದು ದಾನವಾಗುತ್ತದೆ, ದಾನವನ್ನು ತಿರುಗಿ ಕೇಳಲಿಕ್ಕೆ ಮನುಷ್ಯನು ನಾಚುತ್ತಾನೆ. ಅದರಲ್ಲಿಯೂ ಕೊಡುವವನು ಏಕಾಂತದಲ್ಲಿ ಕೊಡಲಿಲ್ಲ. ಹೊಸ್ತಿಲಲ್ಲಿ ಹೆಂಡತಿಯು ನಿಂತಿರುತ್ತಾಳೆ, ಮಕ್ಕಳು ಕಂಬದ ಮರೆಯಿಂದ ನೋಡುತ್ತಿರುತ್ತವೆ, ಓಣಿಯ ಜನರು ಸೇರಿರುತ್ತಾರೆ. ಸ್ವಾಮಿಗಳು ಜಾತಿಯ ಎಣಿಕೆಯಿಲ್ಲದೆ ಎಲ್ಲ ಕೇರಿಗಳಿಗೆ ನಡೆದು ಹೋದದ್ದರಿಂದ, ಎಂದೂ ಮಠದ ಮೆಟ್ಟಲು ಹತ್ತದವನ ಬಾಗಿಲಿಗೆ ಮಠವೇ ಬಂದು ಕೈಯೊಡ್ಡಿದಂತಾಯಿತು. ಮೇಲಿನಿಂದ ಬರುವ ಬುದ್ಧಿವಾದವನ್ನು ಕೇಳಿ ಕೇಳಿ ಬೇಸತ್ತವನಿಗೆ, ಕೆಳಗಿನಿಂದ ಬರುವ ಬೇಡಿಕೆಯು ಹೊಸದಾಗಿ ತೋರುವದು ಸಹಜವು.

ಇನ್ನು "ರೊಕ್ಕ ನಂದು" ಎಂಬ ಮಾತನ್ನು ಎತ್ತಿಕೊಳ್ಳಬೇಕು. ಇದನ್ನು ಹಗುರಾಗಿ ತಳ್ಳಿಬಿಡುವಂತಿಲ್ಲ. ೨೦೧೭ರ ಅಗಸ್ಟ್ ೨೪ರಂದು ಸುಪ್ರೀಮ್ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿ ಬಾಳು ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತರು. ಆ ದಾವೆಯ ಮೊದಲ ಅರ್ಜಿದಾರರು ಕರ್ನಾಟಕ ಹಾಯಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾದ ಕೆ. ಎಸ್. ಪುಟ್ಟಸ್ವಾಮಿಯವರು ಎಂಬದು ಕನ್ನಡಿಗರಿಗೆ ಹೆಮ್ಮೆಯ ಸಂಗತಿ. ತಾನು ಏನನ್ನು ಉಣ್ಣಬೇಕು, ಹೇಗೆ ಬಾಳಬೇಕು ಎಂಬದರಲ್ಲಿ ಅನ್ಯರು ಕೈಹಾಕಬಾರದೆಂಬ ವಾದಕ್ಕೆ ಅಂದಿನಿಂದ ಬಲವು ಹೆಚ್ಚಿತು. ಯಾವ ಹಕ್ಕಿಗೂ ಮೇರೆಯಿಲ್ಲದಿಲ್ಲವೆಂದು ಅದೇ ತೀರ್ಪು ಹೇಳಿದ್ದನ್ನು ಮಾತ್ರ ಚಹದಂಗಡಿಯ ವಕೀಲರು ಓದುವದಿಲ್ಲ.

ಆದರೆ ಇಳಕಲ್ಲದ ನೇಕಾರನ ಮನೆಯಲ್ಲಿ ನಿಂತು ಈ ಮಾತನ್ನು ಕೇಳಿದರೆ ಅದರ ಬಣ್ಣವೇ ಬೇರೆಯಾಗುತ್ತದೆ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಅದು ಒಬ್ಬನ ಕೈಯ ಕೆಲಸವಲ್ಲ. ಗಂಡನು ಕುಣಿಮಗ್ಗದಲ್ಲಿ ಕುಳಿತರೆ ಹೆಂಡತಿಯು ಕಂಡಿಕೆ ಸುತ್ತುತ್ತಾಳೆ, ಮುದುಕಿಯು ಎಳೆ ಬಿಡಿಸುತ್ತಾಳೆ, ಮನೆಯ ಮಗಳು ಶಾಲೆಯಿಂದ ಬಂದು ಕೊಂಡಿಗೆ ಕೈಗೂಡಿಸುತ್ತಾಳೆ. ಗುಳೇದಗುಡ್ಡದ ಖಣದ ಮಗ್ಗಗಳ ಕಥೆಯೂ ಇಷ್ಟೇ. ಸೀರೆಯು ಮುಗಿದ ಮೇಲೆ ಕೂಲಿಯು ಮಾತ್ರ ಒಬ್ಬನ ಅಂಗೈಗೆ ಬರುತ್ತದೆ. ನಾಲ್ಕು ಜೊತೆ ಕೈಗಳು ದುಡಿದದ್ದನ್ನು ಒಂದು ಕೈ ಹಿಡಿದುಕೊಂಡು "ಇದು ನನ್ನದು" ಎಂದರೆ, ಅಲ್ಲಿ ಹಕ್ಕಿನ ಮಾತು ಮುಗಿಯಲಿಲ್ಲ, ಅಲ್ಲಿಂದಲೇ ಪ್ರಾರಂಭವಾಯಿತು. ಉಳಿದ ಮೂರು ಜೊತೆ ಕೈಗಳ ಹಕ್ಕನ್ನು ಯಾವ ಕೋರ್ಟಿನಲ್ಲಿ ಕೇಳಬೇಕು? ಕಾಯಕದ ಫಲವು ದಾಸೋಹಕ್ಕೆ ಸಲ್ಲಬೇಕೆಂದು ಬಗೆದ ಶರಣರ ನಾಡಿದು. ಕೂಡಲಸಂಗಮವು ಇದೇ ಹುನಗುಂದದ ಸೀಮೆಯಲ್ಲಿದೆ. ಆ ಫಲವು ಮನೆಯ ಮಗುವಿನ ಹಾಲಿಗೂ ಸಲ್ಲದೆ ಗುತ್ತೆಯ ಅಂಗಡಿಗೆ ಸಲ್ಲುವದಾದರೆ ವ್ಯಕ್ತಿಸ್ವಾತಂತ್ರ್ಯದ ಹೆಸರನ್ನು ಅದಕ್ಕೆ ಇಡುವದು ಕಷ್ಟ.

ಕಲ್ಲಿನ ಗಣಿಗಳ ಕೂಲಿಕಾರನ ಸಂಗತಿಯು ಇನ್ನೂ ಕಠಿಣವಾದದ್ದು. ಇಳಕಲ್ಲದ ಕೆಂಪು ಗ್ರಾನೈಟ್ ದೇಶದೇಶಗಳಿಗೆ ಹೋಗುತ್ತದೆ, ಅದರ ಧೂಳು ಮಾತ್ರ ಇಲ್ಲಿಯೇ ಉಳಿಯುತ್ತದೆ. ಕಲ್ಲಿನ ಧೂಳಿನಿಂದ ಸೊರಗಿದ ಪುಪ್ಪುಸಕ್ಕೆ ಬೀಡಿಯ ಹೊಗೆಯೂ ಕೂಡಿದರೆ ಕೆಡುಕು ಇಮ್ಮಡಿಸುತ್ತದೆ, ಕ್ಷಯವು ಹತ್ತಿಕೊಳ್ಳುವದೂ ಸುಲಭವಾಗುತ್ತದೆ. ಅವನಿಗೆ ಬೀಡಿ ಬಿಡೆಂದು ಹೇಳುವವರು ಧೂಳನ್ನು ತಡೆಯೆಂದು ಗಣಿಯ ಒಡೆಯನಿಗೂ ಹೇಳಬೇಕು. ಬಡವನ ಚಟವನ್ನಷ್ಟೇ ಕಂಡು ಧನಿಕನ ಉದಾಸೀನವನ್ನು ಕಾಣದ ಉಪದೇಶವು ಅರ್ಧವಾದದ್ದು.

ಹಾಗಾದರೆ ಕಾಯದೆಯು ಏನು ಮಾಡಿತು? ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೪೯ರಲ್ಲಿ, ಅಲ್ಲಿಯ ಪಾನನಿರೋಧ ಕಾಯದೆಯಾಯಿತು. ೧೯೫೧ರಲ್ಲಿ ಬಾಲಸಾರಾ ಎಂಬವರ ದಾವೆಯಲ್ಲಿ ಸುಪ್ರೀಮ್ ಕೋರ್ಟು ಆ ಕಾಯದೆಯ ಬುಡವನ್ನು ಎತ್ತಿಹಿಡಿದು, ಮದ್ಯಸಾರವುಳ್ಳ ಔಷಧಗಳನ್ನು ತಡೆಯುವ ಕಲಮುಗಳನ್ನೂ, ಮದ್ಯವನ್ನು ಬಾಯಿಮಾತಿನಿಂದ ಹೊಗಳುವದೇ ಅಪರಾಧವೆಂಬ ಕಲಮನ್ನೂ ರದ್ದುಮಾಡಿತು. ೧೯೫೬ರಲ್ಲಿ ಕನ್ನಡ ನಾಡು ಒಂದಾಯಿತು, ಆ ದಶಕವು ಕಳೆದು ಮುಂದಿನ ದಶಕದ ಕೊನೆಗೆ ಪಾನನಿರೋಧವೂ ಸಡಿಲಾಯಿತು. ೨೦೦೭ರ ಜುಲೈ ೧ರಿಂದ ಸಾರಾಯಿಯು ನಿಷಿದ್ಧವಾಯಿತು, ಬಾಟಲಿಯ ಮದ್ಯಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಮದ್ಯದ ವ್ಯಾಪಾರವು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಕರ್ನಾಟಕದಿಂದಲೇ ಹೋದ ಖೋಡೆಯವರ ದಾವೆಯಲ್ಲಿ ಸುಪ್ರೀಮ್ ಕೋರ್ಟು ತೀರ್ಮಾನಿಸಿದ್ದುಂಟು. ಕುಡಿತವನ್ನು ತಡೆಯಲು ಯತ್ನಿಸತಕ್ಕದ್ದೆಂದು ರಾಜ್ಯಾಂಗದ ೪೭ನೆಯ ಅನುಚ್ಛೇದವೂ ಸರಕಾರಕ್ಕೆ ಹೇಳುತ್ತದೆ. ಆದರೂ ಈ ರಾಜ್ಯದ ಬೊಕ್ಕಸಕ್ಕೆ ಅಬಕಾರಿಯಿಂದ ಬಂದ ಹಣವು ೨೦೨೩-೨೪ರಲ್ಲಿ ೩೪,೦೦೦ ಕೋಟಿ ರೂಪಾಯಿಗಳನ್ನು ದಾಟಿತು. ಒಂದು ಕೈ ಎಚ್ಚರಿಕೆಯ ಫಲಕವನ್ನು ಬರೆಯುತ್ತದೆ, ಇನ್ನೊಂದು ಕೈ ಗಲ್ಲೆಯನ್ನು ಎಣಿಸುತ್ತದೆ.

ತಂಬಾಕಿನ ಕಥೆಯಲ್ಲಿ ಕಾಯದೆಗೆ ಹೆಚ್ಚು ಮರ್ಯಾದೆ ಸಲ್ಲಬೇಕು. ೨೦೦೩ರ ಕೇಂದ್ರ ಕಾಯದೆಯು ಜಾಹೀರಾತನ್ನೂ, ಶಾಲೆಗಳ ಹತ್ತಿರದ ಮಾರಾಟವನ್ನೂ ತಡೆಯಿತು. ೨೦೦೮ರ ಅಕ್ಟೋಬರ ೨ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಬಿಡುವದರ ಮೇಲಿನ ನಿಷೇಧವು ಬಿಗಿಯಾಯಿತು. ೨೦೧೩ರ ಮೇ ೩೧ರಂದು ಕರ್ನಾಟಕವು ಗುಟಕಾವನ್ನು ನಿಷೇಧಿಸಿತು. ೨೦೨೫ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು ತಂಬಾಕು ಕೊಳ್ಳುವ ವಯಸ್ಸನ್ನು ೨೧ಕ್ಕೆ ಏರಿಸಿ, ಹುಕ್ಕಾ ಅಡ್ಡೆಗಳನ್ನು ಮುಚ್ಚಿಸಿತು. ದೇಶದ ಸಮೀಕ್ಷೆಯ ಪ್ರಕಾರ ೨೦೦೯-೧೦ರಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ ೨೮.೨ರಷ್ಟು ಮಂದಿ ತಂಬಾಕು ಬಳಸುತ್ತಿದ್ದರು, ೨೦೧೬-೧೭ಕ್ಕೆ ಅದು ೨೨.೮ಕ್ಕೆ ಇಳಿಯಿತು. ಇದು ಸಣ್ಣ ಸಂಗತಿಯಲ್ಲ. ಆದರೆ ಗುಟಕಾ ನಿಂತ ಮರುದಿನವೇ ವರ್ತಕನು ಅಡಕೆಯ ಮಸಾಲೆಯನ್ನು ಒಂದು ಚೀಟಿನಲ್ಲಿಯೂ ತಂಬಾಕನ್ನು ಇನ್ನೊಂದು ಚೀಟಿನಲ್ಲಿಯೂ ಕಟ್ಟಿ ಮಾರತೊಡಗಿದನು. ಎರಡನ್ನು ಅಂಗೈಯಲ್ಲಿ ಕೂಡಿಸಿದರೆ ಅದೇ ಗುಟಕಾ. ಕಾಯದೆಯು ಅಂಗಡಿಯ ಬಾಗಿಲಿನ ವರೆಗೆ ಹೋಗಬಲ್ಲದು, ಅಂಗೈಯ ವರೆಗೆ ಹೋಗಲಾರದು. ಹೋಗಲೂ ಬಾರದು, ಪ್ರತಿಯೊಬ್ಬನ ಅಂಗೈಯನ್ನು ಬಿಡಿಸಿ ನೋಡುವ ಪೋಲೀಸನು ಗುಟಕಾಕ್ಕಿಂತ ದೊಡ್ಡ ಪೀಡೆಯಾದಾನು.

ಅಂಗೈಯ ವರೆಗೆ ಹೋದದ್ದು ಜೋಳಿಗೆ. ಆದರೆ ಅದರ ಮೇಲೂ ಒಂದು ಆಕ್ಷೇಪವುಂಟು, ಅದನ್ನು ಮುಚ್ಚಿಡುವದು ಸರಿಯಲ್ಲ. ಊರವರೆಲ್ಲ ನೋಡುತ್ತಿರುವಾಗ ಸ್ವಾಮಿಗಳು ಬಂದು ಬೇಡಿದರೆ ಇಲ್ಲವೆನ್ನುವ ಧೈರ್ಯವು ಯಾರಿಗಿದ್ದೀತು? ನಾಚಿಕೆಯೂ ಒಂದು ಬಲಾತ್ಕಾರವಲ್ಲವೆ? ನಾಚಿಕೆಯಿಂದ ಕೊಟ್ಟವನು ಮೂರನೆಯ ದಿನ ಕದ್ದು ಸೇದುವದು ಹೊಸದೇನಲ್ಲ. ಆದರೆ ಅಂಥವನಿಗೆ ಜೋಳಿಗೆಯ ದಂಡವಿಲ್ಲ, ಸೆರೆಯಿಲ್ಲ. ಕೆಲವೆಡೆ ಊರ ಪಂಚರು ಉತ್ಸಾಹದ ಭರದಲ್ಲಿ ಕುಡಿದವನಿಗೆ ದಂಡ ಹಾಕುವದು, ಕಂಬಕ್ಕೆ ಕಟ್ಟುವದು ಮಾಡುವರು. ಅದು ಕಾಯದೆಯೂ ಅಲ್ಲ, ಜೋಳಿಗೆಯೂ ಅಲ್ಲ. ಮಠದ ಹೆಸರಿನಲ್ಲಿ ಯಾರಾದರೂ ಅದನ್ನು ಮಾಡಿದರೆ ಮಠವೇ ಎದ್ದು ತಡೆಯಬೇಕು.

ಇನ್ನೊಂದು ಮಾತು ವೈದ್ಯಶಾಸ್ತ್ರದ್ದು, ಇದರಲ್ಲಿ ಪ್ರಾಣದ ಪ್ರಶ್ನೆಯಿದೆ. ಬೀಡಿ, ತಂಬಾಕುಗಳನ್ನು ಒಮ್ಮೆಲೇ ಬಿಟ್ಟರೆ ಸಿಡುಕು, ನಿದ್ದೆಗೇಡು ಉಂಟಾದಾವು, ಜೀವಕ್ಕೆ ಅಪಾಯವಿಲ್ಲ. ಆದರೆ ವರ್ಷಗಟ್ಟಲೆ ಹಗಲಿರುಳು ಕುಡಿದವನು ಪ್ರತಿಜ್ಞೆ ಮಾಡಿ ಅಂದೇ ಪೂರ್ತಿ ನಿಲ್ಲಿಸಿದರೆ, ಎರಡು ಮೂರು ದಿನಗಳೊಳಗೆ ಕೈಕಾಲು ನಡುಗಿ, ಫಿಟ್ಸು ಬಂದು, ಸನ್ನಿ ಹಿಡಿದು ಪ್ರಾಣಕ್ಕೇ ಬರಬಹುದು. ಮನೆಯವರು ದೆವ್ವ ಬಡಿಯಿತೆಂದೋ, ಆಣೆ ತಪ್ಪಿದ ಫಲವೆಂದೋ ತಿಳಿದು ಕುಳಿತರೆ ಮನುಷ್ಯನು ಕೈತಪ್ಪುತ್ತಾನೆ. ಅದಕ್ಕೆ ಮದ್ದುಂಟು, ವೈದ್ಯರ ಕಣ್ಣೆದುರಿನಲ್ಲಿ ಬಿಡಿಸುವ ಕ್ರಮವುಂಟು. ಚಟವು ಶೀಲದ ದೋಷವಷ್ಟೇ ಅಲ್ಲ, ಮಿದುಳಿನ ರೋಗವೂ ಹೌದೆಂಬದನ್ನು ಒಪ್ಪಿದರೆ ಪ್ರತಿಜ್ಞೆಯ ಬೆಲೆಯು ಕುಗ್ಗುವದಿಲ್ಲ. ರೋಗಿಯನ್ನು ಬರಿಯ ಪ್ರತಿಜ್ಞೆಯ ಮೇಲೆ ಬಿಟ್ಟು ಹೋಗುವ ಅವಿವೇಕವು ಮಾತ್ರ ತಪ್ಪುತ್ತದೆ.

ಈಚಿನ ಚಟವೊಂದಕ್ಕೆ ಜೋಳಿಗೆಯಲ್ಲಿ ಹಾಕಲು ವಸ್ತುವೇ ಇಲ್ಲ. ಅದು ಮೊಬೈಲಿನಲ್ಲಿ ಹಣವಿಟ್ಟು ಆಡುವ ಜೂಜು. ಇಸ್ಪೇಟಿನ ಎಲೆಯನ್ನು ಜೋಳಿಗೆಗೆ ಹಾಕಬಹುದು. ಮೊಬೈಲನ್ನು ಹಾಕಿದರೆ ಮಗಳ ಪಾಠವೂ ಸೀರೆಯ ಗಿರಾಕಿಯೂ ಅದರೊಡನೆ ಹೋಗುತ್ತಾರೆ. ಕರ್ನಾಟಕವು ೨೦೨೧ರಲ್ಲಿ ಇದನ್ನು ತಡೆಯುವ ತಿದ್ದುಪಡಿ ತಂದಿತು. ಕೌಶಲದ ಆಟವೂ ಜೂಜೂ ಒಂದೇ ಅಲ್ಲವೆಂದು ೨೦೨೨ರ ಫೆಬ್ರುವರಿ ೧೪ರಂದು ಹಾಯಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಮಾಡಿತು. ೨೦೨೫ರ ಅಗಸ್ಟಿನಲ್ಲಿ ಕೇಂದ್ರ ಸರಕಾರವು ಹಣವಿಟ್ಟು ಆಡುವ ಎಲ್ಲ ಮೊಬೈಲ್ ಆಟಗಳನ್ನು ನಿಷೇಧಿಸುವ ಕಾಯದೆ ಮಾಡಿತು, ಅದರ ಮೇಲೆಯೂ ದಾವೆಗಳು ಹೂಡಲ್ಪಟ್ಟವು. ಆ ಕಾಯದೆಯಲ್ಲಿ ಒಂದು ವಿವೇಕವಿದೆ. ಆಡಿಸುವವನಿಗೂ ಜಾಹೀರಾತು ಮಾಡುವವನಿಗೂ ಶಿಕ್ಷೆಯುಂಟು, ಆಡಿ ಸೋತವನಿಗೆ ಇಲ್ಲ. ಅಂಗಡಿಯು ಕಾಯದೆಯ ಪಾಲು, ಮನುಷ್ಯನು ಜೋಳಿಗೆಯ ಪಾಲು ಎಂಬ ಹಂಚಿಕೆಯನ್ನು ದಿಲ್ಲಿಯವರೂ ಒಪ್ಪಿದಂತಾಯಿತು.

ಬರುವ ಅಗಸ್ಟ್ ೧ರಂದು ಜೋಳಿಗೆಯು ಕೇರಿಗಳಿಗೆ ಹೊರಡುವಾಗ ಎರಡು ಏರ್ಪಾಡುಗಳನ್ನು ಭಕ್ತಮಂಡಲಿಯವರು ಆಲೋಚಿಸಬಹುದು. ಜೋಳಿಗೆಯೊಡನೆ ಒಬ್ಬ ವೈದ್ಯರು ಹೋಗಲಿ, ಕುಡಿತ ಬಿಡುವವರ ಮೊದಲನೆಯ ವಾರದ ಹೊಣೆಯನ್ನು ಅವರು ನೋಡಲಿ. ಮನೋವ್ಯಥೆಗೆ ಹಗಲಿರುಳು ಉತ್ತರ ಕೊಡುವ ಸರಕಾರದ ೧೪೪೧೬ ಎಂಬ ದೂರವಾಣಿ ಸಂಖ್ಯೆಯನ್ನು ಪ್ರತಿಯೊಂದು ಮನೆಯ ಗೋಡೆಗೆ ಬರೆಯಿಸಲಿ. ಎರಡನೆಯದು, ಬಾಗಿಲಲ್ಲಿ ನಿಂತಾಗ ಮೊದಲು ಯಜಮಾನನನ್ನು ಕೇಳದೆ, ಕಂಡಿಕೆ ಸುತ್ತುವ ತಾಯಿಯನ್ನು ಕೇಳಲಿ: ಈ ಮನೆಯಿಂದ ಏನು ಹೊರಗೆ ಹೋಗಬೇಕಾಗಿದೆ, ತಾಯಿ?