ತಟ್ಟೆಯ ಮೇಲೆ ಬೀಳುವ ಮಾತು

(ತರಗುಪೇಟೆಯಲ್ಲಿ ಮಾಡಿದ ಭಾಷಣದ ಪಠ್ಯ)



ತರಗು ಎಂದರೆ ದಲ್ಲಾಳಿ ವ್ಯವಹಾರ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವ ಕಸುಬು. ಈ ಪೇಟೆಯ ಹೆಸರಿನಲ್ಲಿರುವುದು ಆ ಕಸುಬೇ. ಸುತ್ತಲಿನ ಹಳೆಯ ಪೇಟೆಗಳ ಹೆಸರುಗಳನ್ನೂ ಒಮ್ಮೆ ನೆನೆಯಿರಿ: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ. ಅಕ್ಕಿಗೊಂದು ಪೇಟೆ, ರಾಗಿಗೊಂದು ಪೇಟೆ. ನಡುವೆ ನಾಲ್ಕು ಬೀದಿಯ ಅಂತರ. ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಮಾರುಕಟ್ಟೆ ಪ್ರಾಂಗಣಕ್ಕೆ ಹೋದ ಮೇಲೂ ಇಲ್ಲಿನ ಮಂಡಿಗಳ ಮುಂದೆ ಮೂಟೆ ಇಳಿಯುವುದು ನಿಂತಿಲ್ಲ. ಮಂಡಿಯವರು ತೂಕ ಕೇಳುತ್ತಾರೆ, ದರ ಕೇಳುತ್ತಾರೆ. ಈ ಕಾಳನ್ನು ತಿನ್ನುವವರು ಯಾರು ಎಂದು ಕೇಳುವುದಿಲ್ಲ. ಆ ಪ್ರಶ್ನೆ ಹುಟ್ಟುವುದು ಕಾಳು ಬೆಂದು ತಟ್ಟೆಗೆ ಬಂದ ಮೇಲೆ.

ಕನ್ನಡಿಗರಿಗೆ ಊಟದ ಮಾತು ಹೊಸದಲ್ಲ. ‘ಊಟ ಆಯ್ತಾ?’ ಎಂಬುದು ಇಲ್ಲಿ ನಮಸ್ಕಾರಕ್ಕೆ ಸಮ. ‘ಏನ್ ಸಾರು ಇವತ್ತು?’ ಎಂದು ಪಕ್ಕದ ಮನೆಯಾಕೆ ಕೇಳಿದರೆ ಅದು ಬಳಕೆಯ ಸಲಿಗೆ, ಯಾರೂ ಬೇಸರಿಸುವುದಿಲ್ಲ. ಬೇಸರ ಬರುವುದು ಮಾತು ಇನ್ನೊಂದು ಹೆಜ್ಜೆ ಮುಂದಿಟ್ಟಾಗ. ‘ಅಯ್ಯೋ, ಅದನ್ನೆಲ್ಲಾ ಹೇಗ್ರೀ ತಿಂತೀರ?’ ಎಂಬುದು ಕೇಳುವುದಕ್ಕೆ ಪ್ರಶ್ನೆಯಂತಿದ್ದರೂ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಬೇಕಾಗಿಲ್ಲ. ಆಡಿದವರ ತೀರ್ಪು ಆಗಲೇ ಆಗಿಹೋಗಿದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆಯನ್ನು ಎಲ್ಲರೂ ಬಲ್ಲರು. ಪಕ್ಕದ ಎಲೆಯನ್ನು ಕಂಡೊಡನೆ ಅರ್ಧ ಗಾದೆ ಮರೆತುಹೋಗುತ್ತದೆ.

ಈ ಬಗೆಯ ಮಾತಿನ ಮೇಲೆ ಕನ್ನಡದಲ್ಲಿ ಒಂದು ಇಡೀ ಕಾವ್ಯವೇ ಇದೆ. ಹದಿನಾರನೆಯ ಶತಮಾನದ ಕನಕದಾಸರು ಭಾಮಿನಿ ಷಟ್ಪದಿಯಲ್ಲಿ ಬರೆದ ‘ರಾಮಧಾನ್ಯ ಚರಿತೆ’. ಶಾಲೆಯಲ್ಲಿ ಅದರ ನಾಲ್ಕಾರು ಪದ್ಯ ಓದಿದವರಿಗೆ ಅಕ್ಕಿ ಮತ್ತು ರಾಗಿಯ ಜಗಳ ಎಂಬಷ್ಟು ನೆನಪಿರುತ್ತದೆ. ಜಗಳ ಶುರುವಾದ ಬಗೆಯನ್ನು ಮಾತ್ರ ಹೆಚ್ಚಿನವರು ಮರೆತಿರುತ್ತಾರೆ.

ಲಂಕೆಯ ಯುದ್ಧ ಮುಗಿಸಿ ಹಿಂದಿರುಗುವ ರಾಮ ಮುನಿಗಳ ಆಶ್ರಮದಲ್ಲಿ ತಂಗುತ್ತಾನೆ. ಧಾನ್ಯಗಳಲ್ಲಿ ಯಾವುದು ಹೆಚ್ಚಿನದು ಎಂಬ ಮಾತು ಬರುತ್ತದೆ. ಒಬ್ಬೊಬ್ಬರು ಒಂದೊಂದನ್ನು ಹೊಗಳುವಾಗ ಗೌತಮ ಮುನಿ ನರೆದಲೆಗನೇ ಶ್ರೇಷ್ಠ ಎನ್ನುತ್ತಾನೆ. ನರೆದಲೆಗ ಎಂದರೆ ರಾಗಿ. ಅಷ್ಟು ಕೇಳಿದ್ದೇ ತಡ, ವ್ರಿಹಿ, ಅಂದರೆ ಅಕ್ಕಿ, ಕೆರಳಿ ನಿಲ್ಲುತ್ತದೆ. ಯಜ್ಞಕ್ಕೆ ತಾನು, ಮದುವೆಗೆ ತಾನು, ದೇವರ ನೈವೇದ್ಯಕ್ಕೆ ತಾನು; ನೀನು ಕೀಳುಕುಲದವರು ತಿನ್ನುವ ಕಾಳು, ನನ್ನೆದುರು ನಿನಗೇನು ಮಾತು ಎಂದು ಹೀಯಾಳಿಸುತ್ತದೆ. ರುಚಿಯ ಮಾತಿನಲ್ಲಿ ಹೊರಟದ್ದು ನೇರ ತಿನ್ನುವವರ ಕುಲಕ್ಕೆ ಹೋಗಿ ನಿಂತಿತು. ನಾಲ್ಕು ನೂರು ವರ್ಷಗಳಿಗೂ ಹಿಂದಿನ ಈ ಜಾಡು ಇಂದಿಗೂ ಬದಲಾಗಿಲ್ಲ.

ರಾಗಿ ಸುಮ್ಮನೆ ಕೇಳಿಸಿಕೊಳ್ಳುವುದಿಲ್ಲ. ನೀನು ಉಳ್ಳವರ ಕಡೆಯವನು, ಬಡವರನ್ನು ಕಂಡರೆ ದೂರ ಸರಿಯುವವನು, ಬಾಣಂತಿಗೂ ರೋಗಿಗೂ ಪಥ್ಯವಾಗುವವನು, ಕೊನೆಗೆ ಹೆಣದ ಬಾಯಿಗೆ ಬೀಳುವವನು ಎಂದು ತಿರುಗಿ ಬೀಳುತ್ತದೆ. ಹಾಗೆ ನೋಡಿದರೆ ರಾಗಿಯ ನಾಲಿಗೆ ಅಕ್ಕಿಯದಕ್ಕಿಂತ ಹರಿತವೇ. ಕನಕದಾಸರು ಅದನ್ನು ಸಾಧುಪ್ರಾಣಿಯಾಗಿ ಚಿತ್ರಿಸಿಲ್ಲ ಎಂಬುದು ಓದುಗರಿಗೆ ಹಿತ ಕೊಡುವ ಸಂಗತಿ.

ಇನ್ನು ರಾಮನ ನ್ಯಾಯ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿ ಎಂದು ಅಪ್ಪಣೆಯಾಗುತ್ತದೆ. ಗಮನಿಸಬೇಕಾದದ್ದು ಇದನ್ನೇ. ಲೋಕದಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ಮಾತು ಕೇಳಿಸಿಕೊಂಡವರೇ ತಮ್ಮ ಊಟ ಕೆಟ್ಟದ್ದಲ್ಲ ಎಂದು ಸಾಬೀತು ಮಾಡಬೇಕಾಗುತ್ತದೆ. ಮಾತಾಡಿದವರಿಗೆ ಯಾವ ಪರೀಕ್ಷೆಯೂ ಇಲ್ಲ. ಇಲ್ಲಿ ಹಾಗಲ್ಲ, ಹೀಯಾಳಿಸಿದವನೂ ಅದೇ ಕೋಣೆಗೆ ಹೋದ. ಅವಧಿ ಮುಗಿದಾಗ ಅಕ್ಕಿ ಕಂದಿತ್ತು, ರಾಗಿ ಹೇಗೆ ಹೋಗಿತ್ತೋ ಹಾಗೇ ಹೊರಬಂತು. ರಾಘವನ ಹೆಸರು ರಾಗಿಗೆ ಸಂದದ್ದು ಆಗ. ಸೋತ ಅಕ್ಕಿಯನ್ನೂ ರಾಮ ಅವಮಾನಿಸಿ ಕಳಿಸುವುದಿಲ್ಲ. ದೇವರ ಪರಮಾನ್ನಕ್ಕೆ ನೀನಿರು, ಮನುಷ್ಯರ ಊಟಕ್ಕೆ ಅವನಿರಲಿ ಎಂದು ಸಮಾಧಾನ ಹೇಳಿ ಎರಡನ್ನೂ ಕೂಡಿಸುತ್ತಾನೆ.

ಮಂಡಿಯವರಿಗೆ ಈ ಪರೀಕ್ಷೆಯ ಗುಟ್ಟು ಹೇಳಿಕೊಡಬೇಕಾಗಿಲ್ಲ. ರಾಗಿ ಸಣ್ಣ, ಗಟ್ಟಿ ಕಾಳು. ಚೆನ್ನಾಗಿ ಒಣಗಿಸಿಟ್ಟರೆ ಹುಳು ಮುಟ್ಟುವುದು ಕಡಿಮೆ. ಹಳ್ಳಿಗಳಲ್ಲಿ ಹಗೇವು ಎಂಬ ನೆಲದೊಳಗಿನ ಕಣಜಗಳಲ್ಲಿ ಅದನ್ನು ವರ್ಷಗಟ್ಟಲೆ ಇಡುತ್ತಿದ್ದರು. ಬರಗಾಲಕ್ಕೆ ಅದೇ ಆಸರೆ. ಅಕ್ಕಿಯ ಮೂಟೆಗೆ ಆ ತಾಳಿಕೆ ಇಲ್ಲ.

ಆದರೂ ರಾಗಿಯ ಮೇಲಿನ ಮಾತು ನಿಲ್ಲಲಿಲ್ಲ. ಹಳ್ಳಿಯಿಂದ ಬೆಂಗಳೂರಿಗೆ ಓದಲು ಬಂದ ಎಷ್ಟೋ ಹುಡುಗರು ‘ಮುದ್ದೆ’ ಎಂಬ ಅಡ್ಡಹೆಸರು ಹೊತ್ತು ತಿರುಗಿದರು. 1996ರ ಜೂನ್‌ನಲ್ಲಿ ಎಚ್.ಡಿ. ದೇವೇಗೌಡರು ಪ್ರಧಾನಿಯಾದಾಗ ಅವರ ರಾಗಿಮುದ್ದೆ ದೆಹಲಿಯಲ್ಲೂ ಮಾತಿನ ವಸ್ತುವಾಯಿತು. ಅವರು ಮುದ್ದೆ ಬಿಡಲಿಲ್ಲ, ಅದನ್ನು ಮುಚ್ಚಿಡಲೂ ಇಲ್ಲ. ಮುಚ್ಚಿಡದೆ ಇರುವುದೂ ಒಂದು ಉತ್ತರ, ಅದರಲ್ಲೂ ಗದ್ದಲವಿಲ್ಲದ ಉತ್ತರ.

ಆಮೇಲೆ ಗಾಳಿ ತಿರುಗಿತು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ ಎಂದು ವೈದ್ಯರು ಹೇಳತೊಡಗಿದರು. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಮಲ್ಲೇಶ್ವರ, ಬಸವನಗುಡಿಯ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತು ಬಂತು. ಈಗ ನೋಡಿ, ಅನ್ನ ಉಣ್ಣುವವರ ಸರದಿ. ‘ಇನ್ನೂ ಅನ್ನಾನೇ ತಿಂತೀರಾ? ಸಕ್ಕರೆ ಕಾಯಿಲೆ ಬರುತ್ತೆ ರೀ, ಬಿಟ್ಬಿಡಿ’ ಎಂದು ಕೇಳದೆ ಇದ್ದವರೂ ಉಪದೇಶ ಮಾಡುತ್ತಾರೆ. ಕಾಯಿಲೆ ಇರುವವರ ಪಾಡು ಇನ್ನೂ ಕಷ್ಟ. ಮದುವೆ ಮನೆಯಲ್ಲಿ ಅವರ ಎಲೆಯ ಹೋಳಿಗೆಯನ್ನು ಇಡೀ ಪಂಕ್ತಿ ಎಣಿಸುತ್ತದೆ. ತಿಂದರೆ ‘ಶುಗರ್ ಇಟ್ಕೊಂಡು ಇದೇನ್ರೀ’, ಬೇಡವೆಂದರೆ ‘ಒಂದಕ್ಕೆ ಏನಾಗುತ್ತೆ, ತಗೊಳ್ರೀ’. ಎರಡನ್ನೂ ಹೇಳುವವರು ಎಷ್ಟೋ ಸಲ ಒಬ್ಬರೇ. ಧಾನ್ಯ ಬದಲಾಯಿತು, ಗುಣ ಬದಲಾಗಲಿಲ್ಲ.

ಎಷ್ಟು ತಿನ್ನುತ್ತಾರೆ ಎಂಬ ಲೆಕ್ಕವೂ ಹಳೆಯದೇ. ವಾರಾನ್ನದ ಕಾಲವನ್ನು ಕಂಡವರ ಬಾಯಿಂದ ಕೇಳಿದವರು ಈ ಸಭೆಯಲ್ಲಿ ಇರಬಹುದು. ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ಕಾಲ ಅದು. ಹಾಗೆ ಓದಿ ಮುಂದೆ ಬಂದವರು ಆ ಮನೆಗಳನ್ನು ಕೃತಜ್ಞತೆಯಿಂದಲೇ ನೆನೆದರು. ಆದರೆ ಅನ್ನ ಇನ್ನಷ್ಟು ಬೇಕು ಎಂದು ಬಾಯಿಬಿಟ್ಟು ಕೇಳುವುದು ಬೇರೆಯವರ ಮನೆಯಲ್ಲಿ ಕುಳಿತ ಹದಿಮೂರು ವರ್ಷದ ಹುಡುಗನಿಗೆ ಸುಲಭವಾಗಿರಲಿಲ್ಲ. ‘ಹುಡುಗ ಚೆನ್ನಾಗಿ ಉಣ್ತಾನೆ’ ಎಂಬ ಮಾತನ್ನು ಮನೆಯೊಡತಿ ಪ್ರೀತಿಯಿಂದ ಆಡಿದರೂ ಅವನ ಕಿವಿಗೆ ಅದು ಬೇರೆಯಾಗಿಯೇ ಕೇಳಿಸಿದ್ದೀತು.

ಮಕ್ಕಳ ಮಾತು ಬಂದದ್ದರಿಂದ ಮೊಟ್ಟೆಯ ವಿಚಾರವನ್ನು ಬಿಡುವಂತಿಲ್ಲ. 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ ಕೊಡತೊಡಗಿತು. ಆ ಜಿಲ್ಲೆಗಳ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚು ಎಂಬುದು ಕಾರಣ. ಮೊಟ್ಟೆ ಬೇಡವೆಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಆಕ್ಷೇಪ ಎತ್ತಿದರು. ಮಕ್ಕಳಲ್ಲಿ ಭೇದ ಮೂಡುತ್ತದೆ ಎಂಬುದು ಅವರ ವಾದ. ಆಗ ಗಂಗಾವತಿಯ ಒಬ್ಬ ಶಾಲಾ ಬಾಲಕಿ ಮೊಟ್ಟೆ ನಮಗೆ ಬೇಕು, ಅದನ್ನು ತಪ್ಪಿಸಿದರೆ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಹೇಳಿದ್ದು ನಾಡಿನ ತುಂಬಾ ಕೇಳಿಸಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. ಭೇದದ ಭಯ ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಭೇದ ಮೊಟ್ಟೆಯಲ್ಲಿಲ್ಲ, ಬಾಳೆಹಣ್ಣಿನಲ್ಲೂ ಇಲ್ಲ. ಪಕ್ಕದವಳನ್ನು ಕಂಡು ಮೂಗು ಮುಚ್ಚಿಕೊಳ್ಳುವುದನ್ನು ಮಗು ಮನೆಯಿಂದ ಕಲಿತು ಬಂದಿರುತ್ತದೆ. ಅದೇ ಹೊತ್ತಿನಲ್ಲಿ ಬಾಳೆಹಣ್ಣು ತೆಗೆದುಕೊಂಡ ಮಗುವನ್ನು ‘ಪುಳಿಚಾರು’ ಎಂದು ರೇಗಿಸುವುದೂ ಅದೇ ಜಾತಿಯ ಮಾತು ಎಂಬುದನ್ನು ಮರೆಯಬಾರದು.

2024ರ ಡಿಸೆಂಬರ್‌ನಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಎದ್ದ ಬಾಡೂಟದ ಗಲಾಟೆಯೂ ಬಾಡು ಸಿಗಲಿಲ್ಲ ಎಂಬಷ್ಟಕ್ಕೇ ಆದದ್ದಲ್ಲ. ನಿಷೇಧದ ಸೂಚನೆಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿಗೆ ಸೇರಿಸಿದ್ದು ಜನರನ್ನು ನೋಯಿಸಿತು. ಮನೆಯ ಊಟ ಮತ್ತು ಚಟ ಒಂದೇ ಪಟ್ಟಿಯಲ್ಲಿ ಬಂದರೆ ಯಾರಿಗಾದರೂ ಸಿಟ್ಟು ಬಂದೀತು.

ಹಾಗಾದರೆ ಮಾತು ಬಿದ್ದಾಗ ಮಾಡುವುದೇನು? ಕಚೇರಿಯಲ್ಲಿ ಡಬ್ಬಿ ಬಿಚ್ಚಿದಾಗ ‘ಅದನ್ನು ಹೇಗೆ ತಿಂತೀರಿ?’ ಎಂದವರಿಗೆ ‘ಬಾಯಲ್ಲೇ ರೀ’ ಎಂದು ನಕ್ಕು ಉಣ್ಣುವವರುಂಟು. ಸಲಿಗೆಯವರ ನಡುವೆ ಅಷ್ಟು ಸಾಕು. ಸುಣ್ಣದ ಅಂಶ, ಪ್ರೋಟೀನು ಎಂದು ಲೆಕ್ಕ ಒಪ್ಪಿಸಲು ಹೋಗುವುದು ವ್ಯರ್ಥ. ಹಾಗೆ ಒಪ್ಪಿಸುವವರು ಪರೀಕ್ಷೆ ತಮ್ಮೊಬ್ಬರದೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ‘ಯಾಕೆ ಕೇಳಿದ್ರಿ?’ ಎಂದು ಮೆಲ್ಲಗೆ ತಿರುಗಿ ಕೇಳಿದರೆ ಎದುರಿನವರೂ ಸೆರೆಕೋಣೆಯೊಳಗೆ ಬಂದಂತೆ. ಬಹಳ ಜನರಿಗೆ ಉತ್ತರ ಸಿಗುವುದಿಲ್ಲ, ಸಾರಿನ ಕಡೆ ತಿರುಗುತ್ತಾರೆ.

ಆದರೆ ಎಲ್ಲರಿಗೂ ಹಾಗೆ ಕೇಳುವ ಶಕ್ತಿ ಇರುವುದಿಲ್ಲ. ಹೊಸದಾಗಿ ಬಂದ ಸೊಸೆ, ಕೆಲಸಕ್ಕೆ ಸೇರಿ ತಿಂಗಳಾಗದ ಹುಡುಗ, ಬಿಸಿಯೂಟದ ಸಾಲಿನಲ್ಲಿ ನಿಂತ ಮಗು, ಇವರು ಯಾರನ್ನು ಕೇಳಬೇಕು? ಕಾವ್ಯದಲ್ಲಿ ರಾಗಿಗೆ ನಾಲಿಗೆ ಹರಿತವಾಗಿತ್ತು ನಿಜ, ಆದರೆ ಅದರ ಪರವಾಗಿ ಮೊದಲ ಮಾತಾಡಿದವನು ಗೌತಮ. ಮದುವೆಯ ಪಂಕ್ತಿಯಲ್ಲಿ ಇಂಥ ಮಾತು ಎದ್ದಾಗ ಎಲ್ಲರೂ ಎಲೆ ನೋಡುತ್ತಾ ಕೂರುತ್ತಾರೆ. ಅಲ್ಲಿ ಒಬ್ಬ ಅಜ್ಜಿಯೋ ಸೋದರಮಾವನೋ ‘ಅವಳ ಎಲೆ ಅವಳು ನೋಡ್ಕೋತಾಳೆ, ನಿಂಗೆ ಹುಳಿ ಬೇಕಾ ಹೇಳು’ ಎಂದುಬಿಟ್ಟರೆ ಬಡಿಸುವವನು ಬಕೆಟ್ ಹಿಡಿದು ಮುಂದಕ್ಕೆ ಹೋಗುತ್ತಾನೆ.