ಚಲನಚಿತ್ರಗಳನ್ನು ಎಣಿಸಿದ ಪ್ರಾಧ್ಯಾಪಕ



ಮಾಧ್ಯಮಗಳು ಮುಸ್ಲಿಮರನ್ನು ವಿಕೃತವಾಗಿ ಚಿತ್ರಿಸುತ್ತವೆ ಎಂಬ ದೂರು ನಮ್ಮ ಸಭೆಗಳಿಗೆ ಹೊಸತಲ್ಲ. ಆದರೆ ಯಾವ ಕೃತಿಯಲ್ಲಿ, ಎಷ್ಟು ಬಾರಿ, ಹೇಗೆ ಎಂಬ ಪ್ರಶ್ನೆಗೆ ಆವೇಶದ ಮಾತು ಉತ್ತರವಾಗದು. ಆ ಉತ್ತರವನ್ನು ಹುಡುಕುವುದಕ್ಕೇ ತಮ್ಮ ವಿದ್ವತ್ ಜೀವನವನ್ನು ಮುಡಿಪಾಗಿಟ್ಟ ಅಮೆರಿಕದ ಪ್ರಾಧ್ಯಾಪಕ ಜ್ಯಾಕ್ ಶಾಹೀನ್‌ರ ಕುರಿತು ನಾವಿಂದು ಮಾತಾಡಬಯಸುತ್ತೇವೆ.

ಲೆಬನಾನ್ ಮೂಲದ ಕ್ರೈಸ್ತ ಕುಟುಂಬದಲ್ಲಿ 1935ರಲ್ಲಿ ಜನಿಸಿದ ಶಾಹೀನ್, ಪೆನ್ಸಿಲ್ವೇನಿಯಾದ ಉಕ್ಕಿನ ಕಾರ್ಖಾನೆಗಳ ಊರಾದ ಕ್ಲೇರ್ಟನ್‌ನಲ್ಲಿ ಬೆಳೆದರು. ಮಿಸೌರಿ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದು, ಎಡ್ವರ್ಡ್ಸ್‌ವಿಲ್‌ನಲ್ಲಿರುವ ಸದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಸಮೂಹ ಸಂವಹನದ ಅಧ್ಯಾಪಕರಾದರು. ಟಿವಿಯಲ್ಲಿ ಕೆಟ್ಟ ಅರಬರು ಬರುತ್ತಿದ್ದಾರೆಂದು ಅವರ ಪುಟ್ಟ ಮಕ್ಕಳು 1970ರ ದಶಕದಲ್ಲಿ ಬಂದು ಹೇಳಿದಾಗ ಅವರ ಸಂಶೋಧನೆಯ ದಿಕ್ಕೇ ಬದಲಾಯಿತು.

ಅವರು ಕಾರ್ಯಕ್ರಮಗಳನ್ನು ಒಂದೊಂದಾಗಿ ನೋಡಿದರು, ಟಿಪ್ಪಣಿ ಮಾಡಿದರು, ಅವುಗಳನ್ನು ತಯಾರಿಸಿದವರನ್ನೇ ಭೇಟಿಯಾಗಿ ಪ್ರಶ್ನಿಸಿದರು. ಸಿನಿಮಾ ನೋಡುವುದೂ ಒಂದು ವಿದ್ಯೆ ಎಂದರೆ ನಮ್ಮ ಮನೆಗಳ ಹಿರಿಯರು ನಕ್ಕಾರು! 1984ರಲ್ಲಿ 'ದ ಟಿವಿ ಅರಬ್' ಪ್ರಕಟವಾಯಿತು. ಅರಬನೆಂದರೆ ಕೋಟ್ಯಧೀಶ, ಇಲ್ಲವೇ ಬಾಂಬ್ ಎಸೆಯುವವ, ಅರಬ್ ಸ್ತ್ರೀಯೆಂದರೆ ನರ್ತಕಿ ಎಂಬ ಅಚ್ಚನ್ನು ಅದು ಬಯಲಿಗೆಳೆಯಿತು. 2001ರ 'ರೀಲ್ ಬ್ಯಾಡ್ ಅರಬ್ಸ್' ಗ್ರಂಥಕ್ಕಾಗಿ ಅವರು ಮೂಕಿ ಯುಗದಿಂದ ಮೊದಲ್ಗೊಂಡು 900ಕ್ಕೂ ಹೆಚ್ಚು ಚಲನಚಿತ್ರಗಳನ್ನು ಪರಿಶೀಲಿಸಿದರು.

ಇಲ್ಲಿ ಅವರ ನ್ಯಾಯಪ್ರಜ್ಞೆಯನ್ನು ಗಮನಿಸಬೇಕು. ಅರಬನು ಎಂದೂ ಖಳನಾಗಬಾರದು ಎಂದು ಅವರು ವಾದಿಸಲಿಲ್ಲ. ಹೆಚ್ಚುಕಡಿಮೆ ಎಲ್ಲ ಅರಬರೂ ಖಳರೇ ಆಗಿರುವುದೇಕೆ ಎಂದು ಕೇಳಿದರು. ಅದೇ ಗ್ರಂಥದಲ್ಲಿ ಉತ್ತಮ ಚಿತ್ರಗಳ ಪಟ್ಟಿಯನ್ನೂ ಕೊಟ್ಟರು. ಮುಸ್ಲಿಮರಲ್ಲಿ ಬಹುಪಾಲು ಜನರು ಅರಬರೇ ಅಲ್ಲ ಎಂಬುದನ್ನು ಪದೇ ಪದೇ ನೆನಪಿಸಿದರು. ಇಂಡೋನೇಷ್ಯಾ, ಭಾರತಗಳ ಮುಸ್ಲಿಮರನ್ನು ಹಾಲಿವುಡ್ ಮರೆತೇಬಿಟ್ಟಿತ್ತಲ್ಲ!

ಡಿಸ್ನಿಯ 'ಅಲ್ಲಾದ್ದೀನ್' 1992ರಲ್ಲಿ ತೆರೆಕಂಡಾಗ, ಅರಬ್ ನಾಡಿನಲ್ಲಿ ಕಿವಿ ಕತ್ತರಿಸುತ್ತಾರೆಂಬ ಮಾತು ಅದರ ಆರಂಭದ ಹಾಡಿನಲ್ಲೇ ಇತ್ತು. ಶಾಹೀನರೂ ಅರಬ್-ಅಮೆರಿಕನ್ ಸಂಘಟನೆಯೊಂದೂ ಪ್ರತಿಭಟಿಸಿದ ಬಳಿಕ, 1993ರ ವಿಡಿಯೋ ಆವೃತ್ತಿಯಲ್ಲಿ ಆ ಸಾಲು ಬದಲಾಯಿತು. ಆದರೆ ಆ ನಾಡು ಅನಾಗರಿಕವೆಂಬ ಮಾತು ಹಾಗೆಯೇ ಉಳಿಯಿತು. ಅರ್ಧ ಜಯ ಎನ್ನೋಣವೇ? ಟೀಕಿಸಿ ದೂರ ನಿಲ್ಲದೆ ಅವರು 'ಥ್ರೀ ಕಿಂಗ್ಸ್', 'ಸಿರಿಯಾನ' ಚಿತ್ರಗಳಿಗೆ ಸಲಹೆಗಾರರೂ ಆದರು.

ಅವರು 2017ರಲ್ಲಿ ನಿಧನರಾದರು. ದಶಕಗಳ ಕಾಲ ಸಂಗ್ರಹಿಸಿದ ಚಿತ್ರಗಳು, ಭಿತ್ತಿಪತ್ರಗಳು, ಕಾಮಿಕ್ಸ್‌ಗಳು, ಮಕ್ಕಳ ಆಟಿಕೆಗಳನ್ನು ಸಹ ಅವರು ನ್ಯೂಯಾರ್ಕ್ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ್ದರು. ಮುಂದಿನ ಸಂಶೋಧಕನು ಅವರ ಮಾತನ್ನು ನಂಬಬೇಕಾಗಿಲ್ಲ, ಪೆಟ್ಟಿಗೆ ತೆರೆದು ತಾನೇ ನೋಡಬಹುದು.