ನಿತ್ಯದ ದಾರಿಗೆ ಎಂಥ ಗಾಡಿ?

ಹೊಸ ಮೋಟಾರು ಕೊಳ್ಳಬೇಕೆಂದು ಮನೆಯಲ್ಲಿ ಮಾತು ಹುಟ್ಟಿತೆಂದರೆ ಈಗ ಮೊದಲು ಕೇಳಿಬರುವ ಹೆಸರು ಎಸ್‌ಯುವಿ. ಅದರಲ್ಲಿಯೂ ನಾಲ್ಕು ಮೀಟರಿನೊಳಗಿನ ಪುಟ್ಟ ಎಸ್‌ಯುವಿ. ಎತ್ತರವಾಗಿದೆ, ಹಳ್ಳ ದಿಣ್ಣೆಗಳನ್ನು ಲೆಕ್ಕಿಸುವುದಿಲ್ಲ, ನೋಡುವುದಕ್ಕೂ ಗಂಭೀರವಾಗಿದೆ ಎಂದು ಮನೆಮಂದಿಯೆಲ್ಲ ಒಪ್ಪಿಬಿಡುತ್ತಾರೆ. ಹಲವು ವರ್ಷಗಳ ಉಳಿತಾಯವನ್ನು ಸುರಿದು ತರುವ ವಸ್ತುವನ್ನು ಹೀಗೆ ನೋಟಮಾತ್ರದಿಂದ ಒಪ್ಪಬಹುದೆ? ಅದು ನಮ್ಮ ದಿನನಿತ್ಯದ ಓಡಾಟಕ್ಕೆ ಹೊಂದುವುದೋ ಇಲ್ಲವೋ ಎಂದು ಅಳೆಯುವ ಬಗೆ ಹೇಗೆ? ಈ ಹೊತ್ತು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಇದನ್ನು ಕುರಿತೇ.

ಮೊದಲು ಈ ಗಾಡಿಯ ಕುಲವನ್ನು ತಿಳಿಯೋಣ. ಹಳೆಯ ಜೀಪಿನಲ್ಲಿ ಕೆಳಗೊಂದು ಗಟ್ಟಿಯಾದ ಚಾಸಿ, ಅದರ ಮೇಲೆ ಕೂರಿಸಿದ ಬೇರೆಯೇ ಆದ ಮೈ. ಬೇಕಾದಾಗ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ. ಪುಟ್ಟ ಎಸ್‌ಯುವಿಯಲ್ಲಿ ಹಾಗಿಲ್ಲ. ಸಾಧಾರಣ ಕಾರಿನಂತೆ ಅದರ ಚಾಸಿ, ಮೈ ಎರಡೂ ಒಂದಾಗಿ ಬೆಸೆದಿರುತ್ತವೆ. ನೆಕ್ಸಾನ್, ವೆನ್ಯೂ, ಬ್ರೆಝಾ ಮುಂತಾದವುಗಳಲ್ಲಿ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಇಂಥದಕ್ಕೆ ಕ್ರಾಸ್‌ಓವರ್ ಎಂದು ಹೆಸರು. ಜೀಪಿನ ಉಡುಪು ತೊಟ್ಟ ಕಾರು ಎಂದರೂ ತಪ್ಪಿಲ್ಲ. ಕೆಸರುಗದ್ದೆ ಹಾಯುವುದು ಇದರ ಕಸುಬಲ್ಲ.

ನಾಲ್ಕು ಮೀಟರಿನ ಗಡಿಯಾದರೂ ಬಂದದ್ದು ರಸ್ತೆಯಿಂದಲ್ಲ, ತೆರಿಗೆಯಿಂದ. ೨೦೦೬ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಸುಂಕವನ್ನು ಇಳಿಸಿದಾಗ ಈ ಅಳತೆ ಹುಟ್ಟಿತು: ಉದ್ದ ನಾಲ್ಕು ಮೀಟರಿನೊಳಗೆ, ಎಂಜಿನ್ ಪೆಟ್ರೋಲಿನದಾದರೆ ೧೨೦೦ ಸಿಸಿ, ಡೀಸೆಲಿನದಾದರೆ ೧೫೦೦ ಸಿಸಿ ಮೀರಬಾರದು. ೨೦೨೫ರ ಸೆಪ್ಟೆಂಬರ್ ೨೨ರಂದು ಜಾರಿಗೆ ಬಂದ ಜಿಎಸ್‌ಟಿ ದರದಂತೆ ಈ ಮಿತಿಯೊಳಗಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇಕಡ ೧೮, ಮೀರಿದವಕ್ಕೆ ಶೇಕಡ ೪೦. ಉದ್ದ ಸರಿಯಿದ್ದು ಎಂಜಿನ್ ದೊಡ್ಡದಾದರೂ ಹೆಚ್ಚಿನ ತೆರಿಗೆಯೇ. ಬೆಲೆ ಕೇಳುವಾಗ ಇದು ನೆನಪಿರಲಿ.

ಇನ್ನು ಎತ್ತರದ ಮಾತು. ಗಾಡಿಯ ಹೊಟ್ಟೆಗೂ ನೆಲಕ್ಕೂ ಇರುವ ಅಂತರ ಈ ವರ್ಗದಲ್ಲಿ ಸುಮಾರು ೨೦ ಸೆಂಟಿಮೀಟರು. ನಮ್ಮ ರಸ್ತೆ ಉಬ್ಬುಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳಿರುವ ಎತ್ತರ ೧೦ ಸೆಂಟಿಮೀಟರು, ಅಗಲ ೩.೭ ಮೀಟರು. ಎಲ್ಲ ಉಬ್ಬುಗಳೂ ಈ ನಿಯಮದಂತಿದ್ದಿದ್ದರೆ ಸಾಮಾನ್ಯ ಕಾರೂ ಸುಖವಾಗಿ ದಾಟುತ್ತಿತ್ತು. ಓಣಿಯವರು ತಾವೇ ಕಟ್ಟಿಕೊಂಡ ದಿಬ್ಬಗಳ ಮುಂದೆ ಮಾತ್ರ ಈ ಎತ್ತರದ ಬೆಲೆ ತಿಳಿಯುತ್ತದೆ. ಆದರೆ ಪುಸ್ತಿಕೆಯಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಖಾಲಿ ಗಾಡಿಯ ಅಳತೆ. ಐದು ಜನ ಕುಳಿತು, ಹಿಂದೆ ಅಕ್ಕಿಮೂಟೆ ಇಟ್ಟರೆ ಗಾಡಿ ಕುಗ್ಗುತ್ತದೆ. ಆದುದರಿಂದ ಪರೀಕ್ಷೆಗೆ ಒಬ್ಬರೇ ಹೋಗಬೇಡಿ. ಮನೆಮಂದಿಯನ್ನು ಕೂರಿಸಿಕೊಂಡು ನಿಮ್ಮ ಬೀದಿಯ ಉಬ್ಬನ್ನೇ ದಾಟಿ ನೋಡಿ. ಮಂಡಿನೋವಿನ ಅಜ್ಜಿ ತಾವಾಗಿಯೇ ಹತ್ತಿ ಇಳಿಯಬಲ್ಲರೇ ಎಂಬುದೂ ಆಗಲೇ ಗೊತ್ತಾಗುತ್ತದೆ. ತೀರ ತಗ್ಗಾದ ಸೀಟಿಗಿಂತ ಸೊಂಟದ ಮಟ್ಟದ ಸೀಟು ವಯಸ್ಸಾದವರಿಗೆ ಹಿತ. ಇದು ಈ ಗಾಡಿಗಳ ನಿಜವಾದ ಗುಣ.

ಎತ್ತರ ನೋಡುವ ಭರದಲ್ಲಿ ಅಗಲವನ್ನು ಮರೆಯುತ್ತೇವೆ. ನೆಕ್ಸಾನ್ ಗಾಡಿಯ ಅಗಲ ೧೮೦ ಸೆಂಟಿಮೀಟರು. ವ್ಯಾಗನ್‌ಆರ್ ಕಾರಿನದು ೧೬೨. ಮುಕ್ಕಾಲು ಗೇಣಿಗಿಂತ ಹೆಚ್ಚಿನ ವ್ಯತ್ಯಾಸ. ಹೆದ್ದಾರಿಯಲ್ಲಿ ಇದು ಏನೂ ಅಲ್ಲ. ಎರಡು ಕಡೆಯೂ ಸ್ಕೂಟರು ನಿಂತಿರುವ ಅಡ್ಡರಸ್ತೆಯಲ್ಲಿ, ಹಳೆಯ ಮನೆಯ ಗೇಟಿನಲ್ಲಿ ಇದೇ ಎಲ್ಲ. ಮುಂಗಡ ಕೊಡುವುದಕ್ಕೆ ಮುಂಚೆ ಗಾಡಿಯನ್ನು ನಿಮ್ಮ ಗೇಟಿನೊಳಕ್ಕೆ ಹಿಮ್ಮುಖವಾಗಿ ತಂದು ನಿಲ್ಲಿಸಿ, ಬಾಗಿಲು ತೆರೆದು ಇಳಿಯಲು ಜಾಗವುಂಟೇ ನೋಡಿ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಕಣ್ಣಿನದು. ಎತ್ತರದ ಸೀಟಿನಲ್ಲಿ ಕುಳಿತವನಿಗೆ ದೂರದ್ದೆಲ್ಲ ಚೆನ್ನಾಗಿ ಕಾಣುತ್ತದೆ. ಬಾನೆಟ್ಟಿನ ಬುಡದಲ್ಲಿರುವುದು ಕಾಣುವುದಿಲ್ಲ. ಗಾಡಿಯನ್ನು ನಿಲ್ಲಿಸಿ, ಎಂಜಿನ್ ಆರಿಸಿ, ಮುಂದೆ ಎರಡು ಮೂರಡಿ ಎತ್ತರದ ಸ್ಟೂಲೊಂದನ್ನು ಇಡಿಸಿ, ಅದನ್ನು ನಿಧಾನವಾಗಿ ಹತ್ತಿರಕ್ಕೆ ತರಲು ಹೇಳಿ. ಯಾವ ದೂರದಲ್ಲಿ ಅದು ನಿಮ್ಮ ಕಣ್ಣಿಗೆ ಮರೆಯಾಯಿತು ಎಂಬುದನ್ನು ಗುರುತು ಹಾಕಿಕೊಳ್ಳಿ. ಅಂಗಳದಲ್ಲಿ ಆಡುವ ಮಗುವಿನ ಎತ್ತರ ಅಷ್ಟೇ ಅಲ್ಲವೆ? ಹಿಂಬದಿಯ ಎಚ್ಚರಿಕೆ ಸಾಧನ ೨೦೧೯ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾಗಿದೆ. ಮುಂಬದಿಗೆ ಕಾವಲು ನಿಮ್ಮ ಕಣ್ಣೇ. ಹೊರಡುವ ಮುನ್ನ ಗಾಡಿಯನ್ನು ಒಂದು ಸುತ್ತು ಸುತ್ತಿ ನೋಡುವ ಅಭ್ಯಾಸಕ್ಕೆ ಖರ್ಚಿಲ್ಲ.

ಗಾಡಿ ದೊಡ್ಡದಾಗಿ ಕಂಡರೆ ಸುರಕ್ಷಿತ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಗುದ್ದಿಸಿ ನೋಡಿದ ಪರೀಕ್ಷೆಯ ಫಲಿತಾಂಶವನ್ನು ಕೇಳಿ. ೨೦೧೮ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನೆಕ್ಸಾನಿಗೆ ಐದು ನಕ್ಷತ್ರ ಕೊಟ್ಟಿತು. ಭಾರತದಲ್ಲಿ ತಯಾರಾಗುವ ಕಾರೊಂದು ಆ ಅಂಕ ಪಡೆದದ್ದು ಅದೇ ಮೊದಲು. ೨೦೨೩ರ ಅಕ್ಟೋಬರಿನಿಂದ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ನಡೆಯುತ್ತಿದೆ. ಅದರಲ್ಲಿ ಗಂಟೆಗೆ ೬೪ ಕಿಲೋಮೀಟರ್ ವೇಗದಲ್ಲಿ ಮುಂಭಾಗದ ಡಿಕ್ಕಿಯನ್ನು ಪರೀಕ್ಷಿಸುತ್ತಾರೆ. ದೊಡ್ಡವರಿಗೆ ಬೇರೆ ಅಂಕ, ಮಕ್ಕಳಿಗೆ ಬೇರೆ ಅಂಕ. ಎರಡನ್ನೂ ನೋಡಿ. ಈ ನಕ್ಷತ್ರಗಳೆಲ್ಲ ಬೆಲ್ಟು ಕಟ್ಟಿಕೊಂಡ ಬೊಂಬೆಗಳು ತಂದವು. ಹಿಂದಿನ ಸೀಟಿನವರೂ ಬೆಲ್ಟು ಕಟ್ಟಬೇಕೆಂದು ಕಾನೂನಿದೆ. ಕಟ್ಟದವರಿಗೆ ಆ ನಕ್ಷತ್ರಗಳ ಭರವಸೆ ಅನ್ವಯಿಸುವುದಿಲ್ಲ.

ಕಡೆಯದಾಗಿ ಮೈಲೇಜು. ಜಾಹೀರಾತಿನ ಅಂಕಿ ಪ್ರಯೋಗಾಲಯದ್ದು. ಸಿಗ್ನಲಿನಿಂದ ಸಿಗ್ನಲಿಗೆ ತೆವಳುವ ಊರ ಓಡಾಟದಲ್ಲಿ ಅದು ಕೈಗೆ ಬಾರದು. ಅದೇ ಗಾಡಿ ಇಟ್ಟುಕೊಂಡ ಪರಿಚಿತರನ್ನು ಕೇಳಿ. ಒಮ್ಮೆ ಟ್ಯಾಂಕು ತುಂಬಿಸಿ, ಮುನ್ನೂರು ಕಿಲೋಮೀಟರು ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿದ್ದರೆ ಅವರ ಮಾತನ್ನು ನಂಬಬಹುದು.

ಇಷ್ಟೆಲ್ಲ ಮಾಡಿದ ಮೇಲೆ ಉತ್ತರ ನಿಮಗೇ ಹೊಳೆಯುತ್ತದೆ. ವಾರಕ್ಕೊಮ್ಮೆ ಹದಗೆಟ್ಟ ಹಳ್ಳಿಯ ರಸ್ತೆ, ಮನೆಯಲ್ಲಿ ಹಿರಿಯರು, ಗಾಡಿ ತಿರುಗಿಸಲು ಅಗಲವಾದ ಅಂಗಳ ಇದ್ದರೆ ಪುಟ್ಟ ಎಸ್‌ಯುವಿ ಒಳ್ಳೆಯ ಸಂಗಾತಿ. ಕಛೇರಿ, ಶಾಲೆ, ಮಾರುಕಟ್ಟೆ, ಕಿರಿದಾದ ಓಣಿ ಇಷ್ಟೇ ನಿಮ್ಮ ಪ್ರಪಂಚವಾದರೆ ಸಣ್ಣ ಕಾರೇ ಸಾಕು. ಮಿಕ್ಕ ಹಣ ಮನೆಯ ಬೇರೆ ಖರ್ಚಿಗೆ ಒದಗುತ್ತದೆ. ಅಂಗಡಿಯವರು ತೋರಿಸುವ ನುಣುಪಾದ ರಸ್ತೆಯಲ್ಲಿ ಓಡಿಸಿ ತೀರ್ಮಾನಿಸಬೇಡಿ; ನೀವು ದಿನವೂ ಹೋಗುವ ದಾರಿಯಲ್ಲಿ, ಹೋಗುವ ಹೊತ್ತಿನಲ್ಲಿಯೇ ಓಡಿಸಿ ನೋಡಿ.